ಎರಡು ಸ್ವರಗಳ ನಡುವಿನ ಹಾಡು

ನನ್ನ ಗಂಡ ಸೊಲ್ಲಾಪುರದ ಸ್ಟುಡಿಯೊಗಳಲ್ಲಿ ಗಿಟಾರ್ ನುಡಿಸುತ್ತಾರೆ. ಬೇರೆಯವರ ಹಾಡಿಗೆ ಹಿಂದೆ ಕುಳಿತು ನುಡಿಸುವ ಕೆಲಸ. ಅಕ್ಕಲಕೋಟದ ಪೇಟೆಯಲ್ಲಿ ಬೆಳಗಿನಿಂದ ಕೇಳುವ ಭಕ್ತಿಗೀತೆಗಳಲ್ಲಿ ಎಷ್ಟೋ ಹಾಡುಗಳ ಗಿಟಾರ್ ಅವರದು. ಹೆಸರು ಎಲ್ಲೂ ಇರುವುದಿಲ್ಲ. ಬಸ್ಸಿಗೆ ಕಾಯುವಾಗ ನನ್ನ ಕಿವಿಗೆ ಬಿದ್ದರೆ, ಪಕ್ಕದವರಿಗೆ ಹೇಳಿಯೇ ಬಿಡುತ್ತೇನೆ: “ಇದು ನಮ್ಮವರದು.”

ಅವರಿಗೆ ಪ್ರಾಣವೆಂದರೆ ಬ್ಲೂಸ್. ಅಮೆರಿಕದ ಕಪ್ಪು ಜನ ತಮ್ಮ ಸಂಕಟದಲ್ಲಿ ಕಟ್ಟಿಕೊಂಡ ಸಂಗೀತ ಎಂದು ಮದುವೆಯ ಹೊಸತರಲ್ಲಿ ಹೇಳಿದ್ದರು. ಅದರಲ್ಲಿ ಒತ್ತಿದ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಸ್ವರವನ್ನು ಮೇಲಕ್ಕೆ ಎಳೆಯುತ್ತಾರೆ. ಆರತಿಯ ಹಾಡಿನಲ್ಲೂ ಆ ಎಳೆತವನ್ನು ಅವರು ಸದ್ದಿಲ್ಲದೆ ಸೇರಿಸುತ್ತಿದ್ದರು.

ಹೋದ ವರ್ಷ ಶಟರಿಗೆ ಸಿಕ್ಕಿ ಎಡಗೈಯ ಉಂಗುರದ ಬೆರಳು ಜಜ್ಜಿಹೋಯಿತು. ತಂತಿ ತಳ್ಳುವ ಬೆರಳೇ ಅದು. ಹೊಲಿಗೆ ಬಿಚ್ಚಿದ ಮೇಲೂ ಪೂರ್ತಿ ಮಡಚಲು ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಸ್ಟುಡಿಯೊದಿಂದ ಮೊದಲ ಕರೆ ಬಂತು.

“ಇವತ್ತ ಆಗಲಿಲ್ಲಂದ್ರ ಗಿಟಾರ್ ಬಿಟ್ಟಬಿಡ್ತೀನಿ. ನೀನೂ ಬಾ” ಎಂದರು ನನ್ನ ಗಂಡ.

ಹುಲಜಂತಿ ಕಡೆಯ, ಕುರಿ ಸಾಕುವ ಮನೆತನದ ಹಿರಿಯರೊಬ್ಬರು ತಮ್ಮ ಕುಲದೇವರು ಬೀರೋಬನ ಹಾಡು ಹೇಳಲು ಬಂದಿದ್ದರು. ನನ್ನ ಗಂಡ, ಕೀಬೋರ್ಡ್ ನುಡಿಸುವವರು ಅವರ ಜೊತೆ ಒಳಗಿದ್ದರು; ನಾನು ಗಾಜಿನ ಈಚೆ ಸ್ಟುಡಿಯೊ ಮಾಲಕರ ಪಕ್ಕ ಕುಳಿತೆ. ಮಾಲಕರು ಮೈಕ್ ಪರೀಕ್ಷೆಗೆಂದು, “ಕಾಕಾ, ಚೆಕಿಂಗಿಗೆ ಎರಡು ಸಾಲು ಅನ್ರಿ” ಎಂದರು. ಗಿಟಾರನ್ನು ಹಿರಿಯರ ಶ್ರುತಿಗೆ ಇನ್ನೂ ಹೊಂದಿಸಿರಲಿಲ್ಲ.

ಹಿರಿಯರು ದೇವರನ್ನು ಕರೆದೇ ಶುರು ಮಾಡಿದರು. ಹಾಗೆ ಕರೆದ ಮೇಲೆ ಮಂಗಳ ಹಾಡುವವರೆಗೆ ನಡುವೆ ನಿಲ್ಲಿಸುವುದು ಅವರಲ್ಲಿ ಇಲ್ಲ.

“ಅಹೋ ಕಾಕಾ, ಥಾಂಬಾ, ಥಾಂಬಾ!” ಗಾಬರಿಯಲ್ಲಿ ಮಾಲಕರು ಮರಾಠಿಗೆ ಹೊರಳಿ, ನಿಲ್ಲಿಸಿ ಎಂದು ಕೂಗಿದರು. ಹಿರಿಯರು ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿದರು. ಅವರ ಶ್ರುತಿ ಕೀಬೋರ್ಡಿನ ಎರಡು ಕೀಗಳ ನಡುವೆ ಎಲ್ಲೋ ಇತ್ತು. ಕೀಬೋರ್ಡಿನವರು ಒಮ್ಮೆ ಒತ್ತಿ ನೋಡಿ ಕೈ ತೆಗೆದರು.

ನನ್ನ ಗಂಡ ತೆಗೆಯಲಿಲ್ಲ. ಹಿರಿಯರ ಬಾಯಿಯನ್ನೇ ನೋಡುತ್ತ ಕೆಳಗಿನ ಸ್ವರ ಒತ್ತಿ ತಂತಿ ತಳ್ಳಿದರು. ಸ್ವರ ಹಿರಿಯರ ದನಿಯನ್ನು ಮುಟ್ಟಲಿಲ್ಲ, ಅದು ನನಗೂ ಗೊತ್ತಾಯಿತು. ನಡುಬೆರಳನ್ನು ಜಜ್ಜಿದ ಬೆರಳಿನ ಹಿಂದೆ ಆಸರೆಗಿಟ್ಟು ಮತ್ತೆ ತಳ್ಳಿದರು. ಸ್ವರ ನಿಧಾನವಾಗಿ ಏರಿತು, ಹಿರಿಯರ ದನಿಗೆ ತಾಗಿತು, ಅಲ್ಲೇ ನಿಂತಿತು. ಮುಂದಿನ ಸಾಲಿಗೂ ಹಾಗೆಯೇ. ನೋವಿಗೆ ಅವರ ದವಡೆ ಬಿಗಿದದ್ದು ಗಾಜಿನ ಈಚೆಗೂ ಕಾಣುತ್ತಿತ್ತು. ನಾನು ಕುರ್ಚಿಯ ಅಂಚು ಹಿಡಿದುಕೊಂಡಿದ್ದೆ. ಮಂಗಳದವರೆಗೆ ಅವರು ಒಂದು ಸಾಲನ್ನೂ ಬಿಡಲಿಲ್ಲ.

ಹಿರಿಯರು ಕಣ್ಣು ಬಿಟ್ಟರು. “ಮಾಸ್ತರ, ನಿಮ್ಮದೊಂದು ನನ್ನ ಬೆನ್ನ ಹತ್ತಿ ಬಂತು ನೋಡ್ರಿ. ಆ ಹಲ್ಲ ಕಿಸದ ಪೆಟ್ಟಿಗಿ ಎಲ್ಲಿ ಹೋತು?”

ಕೀಬೋರ್ಡಿನವರೂ ನಕ್ಕರು.

“ಈಗ ಶ್ರುತಿ ಹೊಂದಿಸಿ ಖರೇ ರೆಕಾರ್ಡಿಂಗ್ ಮಾಡೂಣು” ಎಂದರು ಮಾಲಕರು.

“ದೇವರಿಗೂ ಚೆಕಿಂಗ್ ಇರ್ತದೇನ್ರಿ? ಖರೇದು ಆತಲ್ಲ!” ಎಂದರು ಹಿರಿಯರು.

ರೆಕಾರ್ಡಿಂಗ್ ಯಂತ್ರ ಚೆಕಿಂಗಿನ ಹೊತ್ತಿನಿಂದಲೇ ಓಡುತ್ತಿತ್ತು. ಮಾಲಕರು ಮೊದಲಿನಿಂದ ಹಾಕಿ ಕೇಳಿದರು. ಆಮೇಲೆ ಅದನ್ನೇ ಇಟ್ಟುಕೊಂಡರು.

ನಾನು ಒಳಗೆ ಹೋದೆ. ನನ್ನ ಗಂಡ ಬೆರಳನ್ನು ಬಲಗೈಯಲ್ಲಿ ಮುಚ್ಚಿಕೊಂಡಿದ್ದರು.

“ಭಾಳ ನೋವಾತೇನ್ರಿ?”

“ಆತು” ಎಂದರು. “ನಾಳಿಗೂ ಬರ್ತೀನಂತ ಮಾಲಕರಿಗೆ ಹೇಳು.”