ಜಗಲಿಯ ಮೇಲಿನ ತಟ್ಟೆ

ನನಗೆ ಹತ್ತೊಂಬತ್ತು ತುಂಬುವಾಗ ಕತ್ತಿನಲ್ಲೊಂದು ಗಂಟು ಎದ್ದಿತು. ಮೈಸೂರಿನ ಡಾಕ್ಟರು ಅದನ್ನು ಕ್ಯಾನ್ಸರ್ ಎಂದರು. ಎಂಟು ತಿಂಗಳು ಇಂಜೆಕ್ಷನ್ ಚುಚ್ಚಿಸಿಕೊಂಡು, ತಲೆಗೂದಲನ್ನೆಲ್ಲ ಉದುರಿಸಿಕೊಂಡು ಹನಗೋಡಿಗೆ ವಾಪಸು ಬಂದೆ. ಊರಿನವರು ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ನೋಡಲು ಬರುತ್ತಿದ್ದರು. ನೋಡುವುದಕ್ಕಿಂತ ಅಳುವುದೇ ಹೆಚ್ಚು. ಒಬ್ಬಾಕೆ "ಎಂಥಾ ಎಣ್ಮಗ ಓಗ್ಬುಡ್ತಲ್ಲಪ್ಪಾ" ಎಂದು ರಾಗ ತೆಗೆದಾಗ ನನಗೆ ತಡೆಯಲಾಗಲಿಲ್ಲ.

"ಇನ್ನೂ ಓಗಿಲ್ಲ ಕಣತ್ತೆ. ಆ ಮೂಸಂಬಿ ಇತ್ತ ಕೊಡಿ" ಎಂದೆ. ಅವ್ವ ನನ್ನ ತೊಡೆ ಚಿವುಟಿದಳು.

ಹೋಗಲಿಲ್ಲ, ಉಳಿದೆ. ಗುಣವಾದ ಮೇಲೂ ತಪಾಸಣೆಗೆಂದು ಮೈಸೂರಿಗೆ ಹೋದಾಗಲೆಲ್ಲ ವಾರ್ಡಿಗೆ ನುಗ್ಗಿ ಹೊಸ ರೋಗಿಗಳ ಜೊತೆ ಹರಟುತ್ತಿದ್ದೆ. ಬೋಳುತಲೆಯ ಮಕ್ಕಳಿಗೆ ಮತ್ತೆ ಬೆಳೆದ ನನ್ನ ಜಡೆ ಎಳೆದು ನೋಡಲು ಬಿಡುತ್ತಿದ್ದೆ, ಅದು ಚೌರಿಯಲ್ಲ ಎಂದು ಖಾತ್ರಿಯಾಗಲಿ ಅಂತ. ಕೆಲವು ಪುಂಡರು ಎರಡೆರಡು ಸಲ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಎರಡು ವರ್ಷ ಹೀಗೇ ನಡೆದಿತ್ತು. ಒಂದು ದಿನ ವಾರ್ಡಿನ ನರ್ಸಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಎನ್. ಬೇಗೂರಿನ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಮೂರನೆಯ ಇಂಜೆಕ್ಷನ್ನಿಗೆ ಬಂದೇ ಇರಲಿಲ್ಲ. "ಬರೋ ಸೋಮವಾರವೂ ತಪ್ಪಿಸಿದ್ರೆ ಕಾಯಿಲೆ ಕೈಮೀರುತ್ತೆ. ನಿನ್ನ ಬಾಯಿ ಇವತ್ತಾದ್ರೂ ಕೆಲಸಕ್ಕೆ ಬರ್ಲಿ, ಹೋಗಿ ಒಪ್ಪಿಸಿ ಬಾ" ಎಂದರು.

ಹೆಗ್ಗಡದೇವನಕೋಟೆಯಲ್ಲಿ ಬಸ್ಸು ಬದಲಾಯಿಸಿ ಬೇಗೂರು ತಲುಪಿದಾಗ ಊಟದ ಹೊತ್ತು. ಹುಡುಗಿಯ ಅಪ್ಪ ಅಮ್ಮ ಶುಂಠಿ ಹೊಲದ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದವಳು ಅಜ್ಜಿ. ಮೈಸೂರು ಆಸ್ಪತ್ರೆಯಿಂದ ಬಂದೆ ಎಂದ ಕೂಡಲೇ ಆಕೆ "ನರ್ಸಮ್ಮ ಬಂದವ್ರೆ!" ಎಂದು ಚಾಪೆ ಹಾಸಿದಳು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಹೊಟ್ಟೆ ಹಸಿದಿತ್ತು.

ಹುಡುಗಿ ಜಗಲಿಯ ಮೂಲೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ. ನನಗೆ ಮಾತ್ರ ಒಳಗೆ, ಫಳಫಳ ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಡಿಸುತ್ತಾ ಅಜ್ಜಿ ಪಿಸುಗುಟ್ಟಿದಳು: "ಅಂಟ್ಕಳೋ ಕಾಯ್ಲೆಯಂತೆ ಕಣವ್ವ. ಅದ್ಕೇ ಮಗೀಗೆ ತಟ್ಟೆ ಬ್ಯಾರೆ ಮಡಗಿವ್ನಿ."

ಅದು ಅಂಟುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಡಾಕ್ಟರು ಹೇಳಿ ಹೇಳಿ ಸೋತ ಮಾತು ಅದು. ನಾನು ಎರಡು ಮುದ್ದೆ ನುಂಗಿದೆ. ಅಜ್ಜಿಯ ಚೊಂಬನ್ನೇ ಕೇಳಿ ಇಸಿದುಕೊಂಡು ಮಜ್ಜಿಗೆಯನ್ನು ಕಚ್ಚಿ ಕುಡಿದೆ. ಬೆರಳು ನೆಕ್ಕಿ ಮುಗಿಸಿ, ಕತ್ತಿನ ವೇಲು ಸರಿಸಿ ಗಂಟು ತೆಗೆದ ಆಪರೇಷನ್ ಗುರುತು ತೋರಿಸಿದೆ.

"ನಾನು ನರ್ಸಲ್ಲ ಕಣಜ್ಜಿ. ನಂಗೂ ಇದೇ ಕಾಯ್ಲೆ ಬಂದಿತ್ತು."

ಅಜ್ಜಿ ನನ್ನ ತಟ್ಟೆ ಎತ್ತಿಕೊಂಡವಳು ಹಾಗೇ ನಿಂತಳು. ಮನೆಗೆ ಬಂದವರು ಉಂಡ ತಟ್ಟೆಯನ್ನು ಅವರ ಕಣ್ಣೆದುರಿಗೇ ಹೊರಗಿಟ್ಟರೆ ಮರ್ಯಾದೆಯೇ? ಒಳಗೆ ಸೇರಿಸಲು ಧೈರ್ಯವಿಲ್ಲ. ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ, ಜಗಲಿಯ ಕಡೆಗೆ ಎರಡು ಹೆಜ್ಜೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ.

"ಮೊದ್ಲೇ ಯೋಳ್ಬಾರ್ದಾ, ಮನೆಹಾಳಿ!"

"ಯೋಳಿದ್ರೆ ಮುದ್ದೆ ಇಕ್ತಿದ್ರಾ?"

"ಇಕ್ದೆ ಇರ್ತಿದ್ನಾ? ಇಕ್ತಿದ್ದೆ ಕಣವ್ವ."

"ಜಗಲೀಲಿ" ಎಂದಳು ಹುಡುಗಿ, ಹೊರಗಿನಿಂದ.

ನನ್ನ ನಗು ಅಲ್ಲೇ ನಿಂತಿತು. ಅಜ್ಜಿ ಎಂಜಲು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕುಸಿದು ಕೂತಳು. "ಅವ್ರಪ್ಪ ಅವ್ವುಂಗೂ ಅಂಟ್ಕಂಡ್ರೆ ಈ ಮಗಾನ ನೋಡೋರ್ಯಾರವ್ವ" ಎಂದು ಅತ್ತಳು. ಹೆದರಿಕೊಂಡ ಮುದುಕಿಯನ್ನು ಆಟವಾಡಿಸಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅಂಟುವುದಿಲ್ಲ, ಅಂಟಿದ್ದರೆ ನನ್ನ ತಮ್ಮ, ಅವ್ವ ಎಲ್ಲ ಇಷ್ಟು ಹೊತ್ತಿಗೆ ಹಾಸಿಗೆ ಹಿಡಿದಿರುತ್ತಿದ್ದರು ಎಂದು ಈ ಸಲ ನೆಟ್ಟಗೆ ಹೇಳಿದೆ. ಆಕೆ ನಂಬಿದಂತೆ ಕಾಣಲಿಲ್ಲ.

ಆಮೇಲೆ ಹೋಗಿ ಹುಡುಗಿಯ ಪಕ್ಕ ಕೂತೆ. ಸೋಮವಾರ ಬರುತ್ತೀಯಾ ಎಂದು ಕೇಳಿದೆ.

"ಇಂಜೆಕ್ಷನ್ಗೆ ಎದರಲ್ಲ ಕಣಕ್ಕ. ವಾಂತಿಗೂ ಎದರಲ್ಲ" ಎಂದಳು. ಸ್ವಲ್ಪ ಹೊತ್ತು ಟವೆಲ್ಲಿನ ತುದಿ ತಿರುಚಿದಳು. "ಓದ್ಸಲ ಬಸ್ಸಲ್ಲಿ ಅಜ್ಜಿ ನನ್ ಪಕ್ಕ ಕುಂತ್ಕಳ್ಲಿಲ್ಲ. ಸೀಟಿತ್ತು."

ಹೊಸ್ತಿಲ ಬಳಿ ಕೂತಿದ್ದ ಅಜ್ಜಿಗೆ ಅದು ಕೇಳಿಸಿರಲೇಬೇಕು. ಸೋಮವಾರ ಬರುತ್ತೇವೆ ಎಂಬ ಮಾತು ಅವರಿಬ್ಬರಿಂದಲೂ ಸಿಗದೆ ನಾನು ಸಂಜೆಯ ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಹೆಗ್ಗಡದೇವನಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಬೇಗೂರಿನ ಮೊದಲ ಬಸ್ಸಿನಲ್ಲಿ ಅವರಿರಲಿಲ್ಲ. ಎರಡನೆಯದು ಬಂದು ನಿಂತು ಜನ ಇಳಿದರು, ಹಾಲಿನ ಕ್ಯಾನುಗಳು ಇಳಿದವು, ಒಂದು ಕೋಳಿ ಬುಟ್ಟಿಯೂ ಇಳಿಯಿತು. ಕೊನೆಗೆ ನಾನೇ ಹತ್ತಿ ನೋಡಿದೆ. ಹಿಂದಿನ ಸೀಟಿನಲ್ಲಿ ಹುಡುಗಿ ನೆಟ್ಟಗೆ ಕೂತಿದ್ದಳು. ಅಜ್ಜಿ ಅವಳ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

"ಎಬ್ಬಿಸು, ಮೈಸೂರು ಬಸ್ಸು ಹೊರಡ್ತದೆ" ಎಂದೆ.

ಹುಡುಗಿ ಹೆಗಲು ಅಲುಗಿಸಲಿಲ್ಲ. "ಇನ್ನೊಂಚೂರು ಇರ್ಲಿ ಕಣಕ್ಕ" ಎಂದಳು.