ನೀಮಾಳ ಪಾಲು, ಜಲಜಳ ಹೆದರಿಕೆ

ಜಲಜ ಹೆದರುವ ಹೆಂಗಸಲ್ಲ ಎಂದು ಊರೆಲ್ಲ ಹೇಳುತ್ತದೆ. ಅವಳು ತೀರಿಕೊಂಡ ಮೇಲೆ ಇನ್ನೂ ಹೆಚ್ಚು ಹೇಳುತ್ತಿದೆ. ಮುಂಬೈಯಲ್ಲಿ ಹನ್ನೆರಡು ವರ್ಷ ಮೀನಿನ ಬುಟ್ಟಿ ಹೊತ್ತವಳು. ಗಂಡ ಹೋದ ಮೇಲೆ ಮರವಂತೆಗೆ ಬಂದು ಒಣಮೀನಿನ ಶೆಡ್ ಕಟ್ಟಿ ಆರು ಹೆಂಗಸರಿಗೆ ಕೆಲಸ ಕೊಟ್ಟವಳು. ಕಡಲು ಅಂಗಳದ ಎರಡು ತೆಂಗಿನಮರಗಳನ್ನು ಎಳೆದುಕೊಂಡು ಹೋದ ಮಳೆಗಾಲದಲ್ಲೂ ಮನೆ ಬಿಡದವಳು. ಎಲ್ಲ ನಿಜ. ಆದರೂ ಅವಳಿಗೆ ಒಂದು ಹೆದರಿಕೆ ಇತ್ತು: ಸರ್ಕಾರದ ಮೊಹರು ಬಿದ್ದ ಕಾಗದ. ನಾಲ್ಕನೇ ಕ್ಲಾಸಿನ ತನಕ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು ನಾನು. ಅವಳು ಶಾಲೆ ಬಿಟ್ಟಳು, ನಾನು ಮುಂದೆ ಓದಿದೆ. ಆಮೇಲಿನ ಐವತ್ತು ವರ್ಷ, ಮುಂಬೈಯ ದಿನಗಳನ್ನು ಬಿಟ್ಟರೆ, ಅವಳಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳಿದವಳೂ ನಾನೇ. ಹಾಗಾಗಿ ನನಗೆ ಗೊತ್ತು.

ಕಾರಣ ಅವಳ ತಮ್ಮ ಸುಂದರ. ಇಪ್ಪತ್ತೆರಡನೇ ವಯಸ್ಸಿಗೆ ಗಲ್ಫಿಗೆ ಹೋಗಿದ್ದ. ವೀಸಾ ಇದ್ದದ್ದು ಒಬ್ಬ ಮಾಲೀಕನ ದೋಣಿಯಲ್ಲಿ ದುಡಿಯಲು. ದೋಣಿ ರಿಪೇರಿಗೆ ನಿಂತಾಗ ಪರಿಚಯದವರ ಅಂಗಡಿಯಲ್ಲಿ ನಾಲ್ಕು ದಿನ ಮೂಟೆ ಇಳಿಸಿಕೊಟ್ಟ. ಐದನೇ ದಿನ ಹಿಡಿದರು. ಎರಡು ತಿಂಗಳು ಜೈಲಿನಲ್ಲಿಟ್ಟು ವಿಮಾನ ಹತ್ತಿಸಿದರು. ಮನೆಗೆ ಬಂದವನು ಮಾತು ಬಿಟ್ಟ. ಆರು ವರ್ಷ ಜಗಲಿಯ ಮೂಲೆಯಲ್ಲಿ ಕೂತಿದ್ದು, ಒಂದು ದಿನ ಅಲ್ಲೇ ಹೋದ.

ಇಂಥವಳ ಮನೆಗೆ ಈ ಸೆಪ್ಟೆಂಬರಿನಲ್ಲಿ ನೀಮಾ ಬಂದಳು. ತಾಂಜಾನಿಯಾದ ಮೀನುಗಾರರ ಮಗಳು. ನಮ್ಮ ಕರಾವಳಿಯ ಒಂದು ಕಾಲೇಜಿನಲ್ಲಿ ಮೀನುಗಾರಿಕೆ ಓದುತ್ತಿದ್ದಾಳೆ. ಓದಿನ ಭಾಗವಾಗಿ ಆರು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮಾಡಬೇಕು. ಕಾಲೇಜಿನ ಮೇಷ್ಟರು ಜಲಜಳ ಶೆಡ್ ನೋಡಿ ಮೆಚ್ಚಿ ಇಲ್ಲಿಗೆ ಕಳಿಸಿದರು. ಊಟ, ವಾಸ್ತವ್ಯ ಜಲಜಳ ಮನೆಯಲ್ಲೇ. ಎರಡು ವರ್ಷದಲ್ಲಿ ನೀಮಾ ಕಲಿತ ಕನ್ನಡವೂ ಜಲಜಳ ಮುಂಬೈ ಹಿಂದಿಯೂ ಸೇರಿ ಒಂದು ಭಾಷೆಯಾಯಿತು.

ಜೊತೆಗೆ ಒಂದು ಪತ್ರವೂ ಬಂದಿತ್ತು. ಇಂಗ್ಲಿಷಿನಲ್ಲಿ ಎರಡು ಪುಟ. ಜಲಜ ಅದನ್ನು ನನ್ನ ಕೈಗಿಟ್ಟಳು. ನಾನು ಒಂದು ಸಾಲೂ ಬಿಡದೆ ಓದಿ ಹೇಳಿದೆ. ನೀಮಾಳ ವೀಸಾ ಓದಲು ಮಾತ್ರ. ಇಂಟರ್ನ್‌ಶಿಪ್ಪಿಗೆ ವಿದೇಶಿಯರ ನೋಂದಣಿ ಕಚೇರಿಯಿಂದ ಬೇರೆಯೇ ಅನುಮತಿ ಬರಬೇಕು. ಅರ್ಜಿ ಹೋಗಿದೆ, ಅನುಮತಿ ಇನ್ನೂ ಬಂದಿಲ್ಲ. ಬರುವ ತನಕ ಆಕೆ ನೋಡಬಹುದು, ಬರೆದುಕೊಳ್ಳಬಹುದು, ಕೆಲಸಕ್ಕೆ ಕೈ ಹಾಕುವಂತಿಲ್ಲ. ಕೂಲಿಯನ್ನಾಗಲಿ ಅದಕ್ಕೆ ಸಮನಾದ ಏನನ್ನಾಗಲಿ ಪಡೆಯುವಂತಿಲ್ಲ. ತಪ್ಪಿದರೆ ಅರ್ಜಿ ತಿರಸ್ಕಾರವಾಗಬಹುದು, ವೀಸಾ ರದ್ದಾಗಬಹುದು, ದೇಶ ಬಿಡಬೇಕಾಗಬಹುದು. ಪರಿಶೀಲನೆಗೆ ಯಾರಾದರೂ ಬಂದಾಗ ಮನೆಯ ಯಜಮಾನರು ಹಾಜರಿರಬೇಕು.

ಅವಳ ಮುಖ ನೋಡಿ ನಾನು ಕೊನೆಯ ನಾಲ್ಕು ಸಾಲು ನುಂಗಬಹುದಿತ್ತು. ನುಂಗಲಿಲ್ಲ. ಪೂರ್ತಿ ಓದುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದೆ.

"ಹಂಗಾರೆ ಇವ್ಳೂ ಸುಂದರನ ಹಾಂಗೆ" ಎಂದಳು ಜಲಜ.

"ಹಾಂಗಲ್ಲ ಮಾರಾಯ್ತಿ. ಅನುಮತಿ ಬಪ್ಪ ತನಕ ಜಾಗ್ರತೆ ಮಾಡುದ್, ಅಷ್ಟೇ."

"ಅವ್ನಿಗೂ ಅಷ್ಟೇ ಹೇಳಿದ್ರ್."

ಅಂದಿನಿಂದ ಮನೆಯಲ್ಲಿ ಒಂದು ಕಾನೂನು. ಶೆಡ್ಡಿನಲ್ಲಿ ಹೆಂಗಸರು ಮೀನು ಸೀಳುವಾಗ, ಉಪ್ಪು ಹಾಕುವಾಗ ನೀಮಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಆಕೆ ಮರೆತು ಒಂದು ಬುಟ್ಟಿ ಸರಿಸಲು ಬಗ್ಗಿದರೂ ಜಲಜಳ ಕೂಗು ಹೆದ್ದಾರಿಗೆ ಕೇಳುತ್ತಿತ್ತು: "ಅರೇ ಬೇಟಾ, ಹಾತ್ ಪೀಛೇ!" ಶೆಡ್ಡಿನ ಹೆಂಗಸರಿಗೆ ಅದೊಂದು ತಮಾಷೆ. ಯಾರಾದರೂ ಕೆಲಸ ತಪ್ಪಿಸಿ ಕೂತರೆ, "ನಿಂಗೂ ಅನುಮತಿ ಬರ್ಲಿಲ್ಯಾ?" ಎಂದು ಚುಚ್ಚುತ್ತಿದ್ದರು. ನೀಮಾಳೂ ನಗುತ್ತಿದ್ದಳು. ಜಲಜ ನಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಜೀಪು ನಿಧಾನವಾದರೆ ಅವಳ ಕತ್ತಿಯೂ ನಿಲ್ಲುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ದಡದಲ್ಲಿ ಕೈರಂಪಣಿ ಬಿಟ್ಟಿದ್ದರು. ಬಲೆಯನ್ನು ಕಡಲಿನಲ್ಲಿ ಸುತ್ತು ಹಾಕಿ, ಎರಡು ಕಡೆಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯುವ ಮೀನುಗಾರಿಕೆ ಅದು. ಕಲ್ಲಿನ ತಡೆಗೋಡೆ ಕಟ್ಟಿದ ಮೇಲೆ ಅದಕ್ಕೆ ಬೇಕಾದ ಮರಳು ನಮ್ಮಲ್ಲಿ ಉಳಿದಿರುವುದೇ ಒಂದು ತುಂಡು. ಮುಂದಾಳು ಭೋಜ. ಬಲೆಗೆ ಬಂಗುಡೆಯ ದೊಡ್ಡ ಹಿಂಡೇ ಬಿದ್ದು ತೂಕ ತಡೆಯದೆ ಹಗ್ಗ ಜಾರತೊಡಗಿತು.

"ಹ್ವಾಯ್! ನಿಂತ್ ಕಾಂಬುದೆಂತ? ಕೈ ಕೊಡಿ!" ಎಂದು ಭೋಜ ಕೂಗಿದ.

ಮೀನು ಕೊಳ್ಳಲು ಬಂದಿದ್ದ ಜಲಜ ಬುಟ್ಟಿ ಎಸೆದು ಹಗ್ಗ ಹಿಡಿದಳು. ನಾನೂ ಹಿಡಿದೆ. ಬಲೆ ದಡಕ್ಕೆ ಬಂದ ಮೇಲೆ ಜಲಜ ಹಿಂದೆ ತಿರುಗಿ ನೋಡಿದರೆ ನೀಮಾ. ಎರಡೂ ಕೈಯಲ್ಲಿ ಹಗ್ಗ, ಮೊಣಕಾಲಿನ ತನಕ ಮರಳು, ಮುಖದ ತುಂಬ ನಗು. "ಅಮ್ಮಾ, ನಮ್ಮ ಊರಲ್ಲೂ ಹೀಗೇ!" ಎಂದಳು.

ಜಲಜ ಓಡಿ ಹೋಗಿ ಅವಳ ಕೈಯಿಂದ ಹಗ್ಗ ಕಿತ್ತುಕೊಂಡಳು.

ಕೈರಂಪಣಿಗೆ ಒಂದು ರೀತಿ ಇದೆ. ನಿಂತು ನೋಡಿದವರಿಗೆ ಸಾರಿಗೆಂದು ಒಂದು ಹಿಡಿ ಮೀನು. ಹಗ್ಗ ಹಿಡಿದವರಿಗೆ, ಅದು ಯಾರೇ ಆಗಿರಲಿ, ಪಾಲು. ಭೋಜ ಮರಳಿನ ಮೇಲೆ ಸಾಲಾಗಿ ರಾಶಿ ಹಾಕುತ್ತ ಬಂದ. ಒಂದು ರಾಶಿಯ ಮುಂದೆ ನಿಂತು, "ಇದ್ ಆ ಹೆಣ್ಣಿಂದ್" ಎಂದ.

"ಅವ್ಳಿಗೆ ಪಾಲ್ ಬ್ಯಾಡ ಭೋಜ. ಸಾರಿಗಂದೇಳಿ ನಾಕ್ ಮೀನ್ ಕೊಡ್, ಸಾಕ್."

"ಸಾರಿಗೆ ಕೊಡುದ್ ಕಂಡರಿಗೆ, ಜಲಜಕ್ಕ. ಎಳ್ದರಿಗಲ್ಲ. ಹಗ್ಗ ಹಿಡ್ದ ಕೈಗೆ ಪಾಲ್ ತಪ್ಸಿರೆ ನಾಳೆ ಬಲಿಗೆ ಎಂತ ಬೀಳತ್ತ್? ನಿನ್ ತಲೆ?"

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಸುಜಿತ್ ಫೋಟೊ ತೆಗೆದ. ಹೆಮ್ಮಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು ಫೇಸ್‌ಬುಕ್ಕಿನಲ್ಲಿ ಊರಿನ ಸುದ್ದಿ ಹಾಕುವವನು. ಮಧ್ಯಾಹ್ನದ ಊಟಕ್ಕೆ ಮೊದಲು ಊರಿಗೆಲ್ಲ ತಲುಪಿತು: "ಮರವಂತೆಯಲ್ಲಿ ಬಲೆ ಎಳೆದ ಆಫ್ರಿಕಾದ ಯುವತಿ! ಪಾಲೂ ಪಡೆದಳು!"

ಜಲಜ ಬಸ್ಸು ಹತ್ತಿ ಹೆಮ್ಮಾಡಿಗೇ ಹೋದಳು. ನಾನು ಹಿಂದೆ.

"ತೆಗೀ ಅದನ್ನ."

"ಜಲಜಕ್ಕ, ನಾಕ್ ಸಾವ್ರ ಜನ ಕಂಡಿರ್! ನಿಮ್ ಶೆಡ್ಡಿಗೇ ಒಳ್ಳೇದ್ ಅಲ್ದಾ?"

"ಆ ನಾಕ್ ಸಾವ್ರ ಜನ್ರ ಕಣ್ಣಿಂದ ತೆಗುಕೆ ಆತ್ತಾ ನಿಂಗೆ? ಆ ಹೆಣ್ಣನ್ ವಿಮಾನ ಹತ್ಸಿರೆ ಅದರ ಫೋಟವನ್ನೂ ಹಾಕ್ತ್ಯಾ?"

ಸುಜಿತ್ ಪಾಪ, ಏನೂ ಅರ್ಥವಾಗದೆ ಅಳಿಸಿದ. ಅಷ್ಟರಲ್ಲಿ ಅದು ಕಾಲೇಜಿಗೂ ತಲುಪಿತ್ತು. ಸಂಜೆ ಮೇಷ್ಟರು ಫೋನ್ ಮಾಡಿದರು: ಯಾರೋ ನೋಂದಣಿ ಕಚೇರಿಗೆ ಆ ಚಿತ್ರ ಕಳಿಸಿದ್ದಾರೆ, ಈ ವಾರವೋ ಮುಂದಿನ ವಾರವೋ ವಿಚಾರಣೆಗೆ ಬರುತ್ತಾರೆ, ದಯವಿಟ್ಟು ಮನೆಯಲ್ಲಿರಿ.

ಮರುದಿನ ಶೆಡ್ಡಿಗೆ ಹೋದಾಗ ಮೊಳೆಯಲ್ಲಿ ಒಂದು ನೈಲಾನ್ ಚೀಲ ತೂಗುತ್ತಿತ್ತು. ಅದರ ಮೇಲೆ ಮಸಿಯಿಂದ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ, "ನೀಮಾ" ಎಂದು ಬರೆದಿತ್ತು.

"ಜಲಜ, ಇದೆಂತ?"

"ಅವ್ಳ್ ಪಾಲ್. ಸೀಳಿ ಉಪ್ಪ್ ಹಾಕಿದ್ದೆ. ಇವತ್ತಿಂದ ಒಣ್ಸುದ್. ಊರಿಗ್ ಹೋಪತ್ತಿಗೆ ಕೊಡುಕೆ."

ನನ್ನ ಬಾಯಿಂದ ಬಂದುಬಿಟ್ಟಿತು: "ಇದೇ ಅಲ್ಲದಾ ಸಾಕ್ಷಿ! ಮೊದ್ಲ್ ಇದನ್ನ ಎಂತಾರೂ ಮಾಡ್."

ಅವಳು ಚೀಲ ಹಿಡಿದು ಭೋಜನ ಮನೆಗೆ ಹೋದಳು. ಅವನು ಅಂಗಳದಿಂದಲೇ ಕೈ ಅಡ್ಡ ಹಿಡಿದ. ಒಮ್ಮೆ ಹಾಕಿದ ಪಾಲು ಮತ್ತೆ ರಾಶಿಗೆ ಸೇರುವುದಿಲ್ಲ. ಬೇಕಾದರೆ ತಿನ್ನಿ ಎಂದ. ಬೇರೆಯವರ ಪಾಲು ಜಲಜ ತಿನ್ನುವವಳಲ್ಲ. ಹೊಟ್ಟೆಗಾಗಿ ಬಂದ ಮೀನನ್ನು ಕಡಲಿಗೆ ಎಸೆಯುವವಳೂ ಅಲ್ಲ. ಹಾಗಾಗಿ ಅಡಗಿಸಿಟ್ಟಳು. ದಿನವಿಡೀ ಬಿಸಿಲಿಗೆ ಹಾಕುವುದು, ಹೊತ್ತು ಇಳಿಯುವಾಗ ಅಡಗಿಸುವುದು. ಮೊದಲು ಅಕ್ಕಿ ಡ್ರಮ್ಮಿನಲ್ಲಿ, ಆಮೇಲೆ ಮಂಚದ ಕೆಳಗೆ, ಆಮೇಲೆ ಅಟ್ಟದಲ್ಲಿ. ಎಲ್ಲಿಟ್ಟರೂ ಬೆಕ್ಕು ಅಲ್ಲೇ ಕೂತು ಕೂಗುತ್ತಿತ್ತು. "ಇದೊಂದ್ ಸಾಕ್, ಪೊಲೀಸ್ರೇ ಬ್ಯಾಡ" ಎಂದು ಬೆಕ್ಕನ್ನು ಬೈದಳು. ನಾನು ನಕ್ಕೆ. ಅವಳು ನಗದೆ ಅಟ್ಟದ ಏಣಿ ತೆಗೆದಿಟ್ಟಳು.

ಆ ದಿನಗಳಲ್ಲೇ ಅವಳು ಎಡ ಹೆಗಲಿನ ಕೆಳಗೆ ಅಂಗೈ ಒತ್ತಿಕೊಳ್ಳಲು ಶುರುಮಾಡಿದ್ದು. ಗ್ಯಾಸು ಎಂದಳು. ಓಮದ ನೀರು ಕುಡಿದಳು. ಕುಂದಾಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸುವ ಎಂದು ಮೂರು ಸಲ ಹೇಳಿದೆ.

"ನಾನ್ ಹ್ವಾದಲ್ಲಿ ಅವ್ರ್ ಬಂದ್ರೆ? ಯಜಮಾನ್ರ್ ಹಾಜರ್ ಇರ್ಕ್ ಅಂದೇಳಿ ನೀನೇ ಅಲ್ದಾ ಓದ್ದ್?"

ನಾನೇ ಓದಿದ್ದು. ಹತ್ತು ದಿನ ಅವಳು ಮನೆ ಬಿಟ್ಟು ಹೆದ್ದಾರಿ ದಾಟಲಿಲ್ಲ. ನೀಮಾ ಊಟ ಬಿಟ್ಟಿದ್ದಳು. ತನ್ನಿಂದ ಅಮ್ಮನಿಗೂ ತೊಂದರೆಯಾಗುತ್ತದೆಯೇ ಎಂದು ನನ್ನನ್ನು ಕೇಳಿದಳು. ನೀರಿನ ಲೋಟ ಎತ್ತಿಕೊಳ್ಳುವಾಗಲೂ ಸುತ್ತ ನೋಡುತ್ತಿದ್ದಳು.

ಗುರುವಾರ ಹನ್ನೊಂದು ಗಂಟೆಗೆ ಬೈಕಿನ ಸದ್ದು. ಬಂದವರು ಪೊಲೀಸ್ ಠಾಣೆಯ ಪ್ರೇಮಾನಂದ, ಯಡ್ತರೆ ಊರಿನವರು. ಜಗಲಿಯಲ್ಲಿ ಕೂತು ಫೈಲು ಬಿಚ್ಚಿದರು. ಪಾಸ್‌ಪೋರ್ಟು ನೋಡಿದರು, ಕಾಲೇಜಿನ ಪತ್ರ ನೋಡಿದರು. ನೀಮಾ ಗೋಡೆಗೆ ಒತ್ತಿ, ಕೈ ಹಿಂದೆ ಕಟ್ಟಿ ನಿಂತಿದ್ದಳು.

"ಈ ಫೋಟದಲ್ ಇಪ್ಪುದ್ ಇವ್ರೇ ಅಲ್ದಾ?"

"ಹೌದ್" ಎಂದಳು ಜಲಜ.

ನಾನು, ಭೋಜ, ಶೆಡ್ಡಿನ ಹೆಂಗಸರು ಎಲ್ಲ ಸೇರಿ ಒಂದು ಮಾತು ಕಟ್ಟಿಟ್ಟಿದ್ದೆವು: ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು, ಬಿಡಿಸಿಕೊಳ್ಳುತ್ತಿದ್ದಳು, ಮೀನು ಕೊಟ್ಟದ್ದು ಜಲಜಳಿಗೆ. ಜಲಜ ಅದನ್ನು ಹೇಳಲಿಲ್ಲ. ಎದ್ದು ಒಳಗೆ ಹೋದಳು. ಅಟ್ಟದಿಂದ ಚೀಲ ಇಳಿಸಿ ತಂದು ಪ್ರೇಮಾನಂದರ ಕಾಲಬುಡದಲ್ಲಿ ಇಟ್ಟಳು.

"ಇದ್ ಅವ್ಳ್ ಪಾಲ್, ಸಾರ್. ಅವ್ಳ್ ಕೇಣ್ಲಿಲ್ಲ, ಮುಟ್ಲಿಲ್ಲ. ಹಗ್ಗ ಹಿಡ್ದದ್ ಹೌದ್. ಅವ್ಳಿಗೆ ಹೇಳಿ ಕೊಡ್ಕಾದ್ದ್ ನಾನ್. ನಾನೇ ಮೊದ್ಲ್ ಹಗ್ಗ ಹಿಡ್ದೆ, ಅವ್ಳನ್ ಕಾಣ್ಲಿಲ್ಲ. ತಪ್ಪ್ ಬರೆವುದಾದ್ರೆ ನನ್ ಹೆಸ್ರಲ್ ಬರೀನಿ. ನನ್ ತಮ್ಮ ಒಬ್ಬ ಇದ್ರಗೇ ಹೋಯ್ದ. ಇನ್ನೊಬ್ರ್ ಬ್ಯಾಡ."

ಪ್ರೇಮಾನಂದರು ಚೀಲದ ಮೇಲಿನ ಹೆಸರು ಓದಿದರು. ಚೀಲ ಬಿಚ್ಚಿ ಒಳಗಿನ ಮೀನು ನೋಡಿದರು.

"ಎಷ್ಟ್ ದಿನ ಆಯ್ತ್ ಇದನ್ನ ಇಟ್ಕಂಡ್?"

"ಹತ್ತ್."

"ನನ್ನಪ್ಪನೂ ರಂಪಣಿ ಎಳೀತಿದ್ದ, ಜಲಜಕ್ಕ. ಪಾಲ್ ಅಂದ್ರೆ ಎಂತ ಅಂದೇಳಿ ನಂಗೊತ್ತಿತ್. ಆದ್ರೆ ಕಾಗದಕ್ಕೆ ಗೊತ್ತಿಲ್ಲ, ಅಲ್ದಾ?" ಎಂದು ಬರೆಯತೊಡಗಿದರು. ಬರೆದದ್ದನ್ನು ಓದಿ ಹೇಳಿದರು: ಸದರಿ ವಿದ್ಯಾರ್ಥಿನಿ ಒಂದು ಸಲ, ತಿಳಿಯದೆ, ಹಗ್ಗಕ್ಕೆ ಕೈ ಕೊಟ್ಟಿರುತ್ತಾಳೆ, ಸ್ಥಳೀಯ ಪದ್ಧತಿಯಂತೆ ಇಟ್ಟ ಮೀನನ್ನು ಪಡೆದಿರುವುದಿಲ್ಲ, ಅದು ಮನೆಯ ಯಜಮಾನಿಯ ಬಳಿ ಹಾಗೆಯೇ ಇರುತ್ತದೆ. ಜಲಜ ಸಹಿ ಹಾಕಿದಳು. ಹೊರಡುವಾಗ ಅವರು, "ಹೆದ್ರುವಂಥದ್ ಎಂತ ಇಲ್ಲ" ಎಂದರು.

ಬೈಕು ಮರೆಯಾದ ಮೇಲೆ ಜಲಜ ಕೇಳಿದಳು, "ಇಲ್ಲ ಅಂದದ್ದ್ ಹೌದಾ, ಹೇಳುಕೆ ಹೇಳ್ದದಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಇನ್ನು ಮನೆಯಲ್ಲಿ ಕಾಯಬೇಕಾಗಿಲ್ಲವಲ್ಲ ಎಂದು ಶನಿವಾರ ಕುಂದಾಪುರಕ್ಕೆ ಹೊರಟೆವು. ಬೆಳಗಿನ ಎಂಟು ಗಂಟೆ. ಬಸ್ಸಿಗೆ ಕಾಯುವಾಗ ಜಲಜ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಳು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. "ಆ ಹೆಣ್ಣೊಂದೇ ಇತ್, ಬೇಗ ಬಪ್ಪ" ಎಂದಳು. ಬಸ್ಸು ಬಂದಾಗ ಅವಳು ಏಳಲಿಲ್ಲ. ಯಾರದೋ ಕಾರಿನಲ್ಲಿ ಕರೆದುಕೊಂಡು ಹೋದೆವು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಮಧ್ಯಾಹ್ನ ಅಂಗಳದ ತುಂಬ ಜನ. ಗಂಡಸರು ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದರು. ಹೆಂಗಸರು ಮೀಯಿಸಲು ನೀರು ತರುತ್ತಿದ್ದರು. ಯಾರೂ ಸುಮ್ಮನೆ ನಿಂತಿರಲಿಲ್ಲ, ನೀಮಾ ಒಬ್ಬಳನ್ನು ಬಿಟ್ಟು. ಬಾವಿಕಟ್ಟೆಯ ಹತ್ತಿರ, ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು ನಿಂತಿದ್ದಳು.

ಭೋಜ ಕತ್ತಿ ಕೆಳಗಿಟ್ಟು ಅವಳ ಹತ್ತಿರ ಹೋದ.

"ಇದ್ ಕೆಲ್ಸ ಅಲ್ಲ, ಮಗಾ. ನೀರ್ ಸೇದ್."

ಅವಳು ನನ್ನ ಮುಖ ನೋಡಿದಳು. ಪತ್ರದಲ್ಲಿ ಇದಕ್ಕೆ ಅವಕಾಶ ಇದೆಯೇ ಎಂದು ಕೇಳುವ ನೋಟ. ನಾನು ತಲೆಯಾಡಿಸಿದೆ. ಅವಳು ಹಗ್ಗ ಹಿಡಿದು ಕೊಡ ಇಳಿಸಿದಳು. ಜಲಜಳನ್ನು ಮೀಯಿಸಿದ್ದು ನೀಮಾ ಸೇದಿದ ನೀರಿನಿಂದ.

ಅವಳು ಹೋದ ಒಂಬತ್ತನೇ ದಿನ ಅನುಮತಿ ಬಂತು. ಮಾರ್ಚ್ ತನಕ ಇದೆ. ನಾನೂ ಆ ಆರು ಹೆಂಗಸರೂ ನಡೆಸುತ್ತಿರುವ ಶೆಡ್ಡಿನಲ್ಲಿ ನೀಮಾ ಈಗ ಬೆಳಗಿನಿಂದ ಸಂಜೆಯ ತನಕ ದುಡಿಯುತ್ತಾಳೆ. ಅವಳ ಪಾಲಿನ ಚೀಲ ಮತ್ತೆ ಮೊಳೆಯಲ್ಲಿದೆ, ಊರಿಗೆ ಹೋಗುವಾಗ ಒಯ್ಯುತ್ತಾಳೆ. ಅನುಮತಿ ಪತ್ರದ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿದ್ದೇನೆ. ಆದರೂ ಹೊರಗೆ ಬೈಕಿನ ಸದ್ದಾದರೆ ಅವಳ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗುತ್ತವೆ. ಅಂಗೈಯ ಉಪ್ಪು ಅಂಗಿಗೆ ಮೆತ್ತುತ್ತದೆ.