ಬ್ಯಾಡಗಿಗೆ ಸಲ್ಲಬೇಕಿದ್ದ ಗೋಲು

ನಿವೃತ್ತನಾದ ಮರುವಾರ, ಸೋಮವಾರ ಬೆಳಿಗ್ಗೆ, ಹಾವೇರಿಯಿಂದ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಒಂದು ತಾಸಿನ ದಾರಿ, ಟಿಕೆಟ್ಟು ಏಳು ರೂಪಾಯಿ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎಲ್ಲಿಗೆ ಹೊರಟಿರಿ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ.

ನಾನು ಹೈಸ್ಕೂಲಿನ ಡ್ರಿಲ್ ಮಾಸ್ತರನಾಗಿದ್ದೆ. ರಜೆಯ ದಿನಗಳಲ್ಲಿ ಸುತ್ತಲಿನ ಫುಟ್‌ಬಾಲ್ ಪಂದ್ಯಗಳಿಗೆ ಲೈನ್ಸ್‌ಮನ್ ಆಗಿ ಹೋಗುತ್ತಿದ್ದೆ. ಬೀಳ್ಕೊಡುಗೆಯ ದಿನ ಹೆಡ್‌ಮಾಸ್ತರರು, "ಇವರು ಒಂದು ಸಲವೂ ಸುಳ್ಳು ಬಾವುಟ ಎತ್ತಿದವರಲ್ಲ" ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ವಿನಯವೆಂದು ತಿಳಿದುಕೊಂಡರೋ ಏನೋ.

ರಾಣೆಬೆನ್ನೂರಿನಲ್ಲಿ ಇಳಿದು, ಇಡ್ಲಿ ತಿಂದು, ಹಳೆಯ ಮೈದಾನಕ್ಕೆ ನಡೆದೆ. ಹತ್ತು ವರ್ಷಗಳ ಹಿಂದೆ ರಾಣೆಬೆನ್ನೂರಿಗೂ ಬ್ಯಾಡಗಿಗೂ ಫೈನಲ್ ನಡೆದದ್ದು ಅಲ್ಲೇ. ಆಗ ಊರಿಗೊಂದು ತಂಡ ಇತ್ತು. ಬ್ಯಾಡಗಿಯವರು ಎರಡು ಟ್ರ್ಯಾಕ್ಟರ್ ತುಂಬ ಹಲಗೆ ಬಾರಿಸುತ್ತ ಬಂದಿದ್ದರು. ಅರ್ಧ ಆಟಗಾರರಿಗೆ ಬೂಟು ಇರಲಿಲ್ಲ. ಈಗ ಮೈದಾನದ ನಡುವೆ ಕ್ರಿಕೆಟ್ ಪಿಚ್ಚು, ಗೋಲಿನ ಕಂಬಗಳ ಜಾಗದಲ್ಲಿ ಜಾಲಿ ಬೆಳೆದಿತ್ತು.

ಮೂಲೆಯಲ್ಲಿದ್ದ ಸೈಕಲ್ ಅಂಗಡಿಯವನನ್ನು ಆ ಪಂದ್ಯದ ಬಗ್ಗೆ ಕೇಳಿದೆ. ಅವನ ಮುಖ ಅರಳಿತು.

"ಅಂಥಾ ಮ್ಯಾಚ್ ಮತ್ತ ಆಗಲಿಲ್ಲ ಬಿಡ್ರಿ. ಒಂದ ಗೋಲಿನಾಗ ಗೆದ್ವಿ. ಕಡೀಕ ಬ್ಯಾಡಗಿ ಖಾದರ್ ಗೋಲ್ ಹೊಡದಾ, ಆದ್ರ ಆಫ್‌ಸೈಡ್. ಗಡಿಬಿಡಿ ಮಾಡಿ ತಾನ ಕೆಡಿಸಿಕೊಂಡಾ."

"ಖರೇನ ಆಫ್‌ಸೈಡ್ ಇತ್ತೇನು?"

"ಲೈನ್ಸ್‌ಮನ್ ಬಾವುಟ ಎತ್ತಿದ್ದನಲ್ರಿ!"

ನಾನೇ ಆ ಲೈನ್ಸ್‌ಮನ್ ಎಂದು ಹೇಳಲು ಬಾಯಿ ಬರಲಿಲ್ಲ. ಬ್ಯಾಡಗಿಯ ಗಾಡಿ ಹಿಡಿಯಲು ಬಿಸಿಲಿನಲ್ಲಿ ಸ್ಟೇಷನ್ನಿಗೆ ನಡೆದೆ.

ಪ್ಯಾಸೆಂಜರ್ ಗಾಡಿ ಮುಕ್ಕಾಲು ತಾಸು ತಡವಾಗಿ ಬಂತು. ಡಬ್ಬಿಯಲ್ಲಿ ಎದುರಿಗೆ ಯಾರೂ ಇರಲಿಲ್ಲ. ಖಾದರನಿಗೆ ಹೇಳಬೇಕಾದ ಮಾತನ್ನು ಕಿಟಕಿಗೆ ಮುಖ ಮಾಡಿ ಎರಡು ಸಲ ಹೇಳಿ ನೋಡಿದೆ. ಬ್ಯಾಡಗಿಯಲ್ಲಿ ಇಳಿಯುವಷ್ಟರಲ್ಲಿ ಗಾಳಿಯಲ್ಲೇ ಮೆಣಸಿನಕಾಯಿ ಘಾಟು. ಮಾರ್ಕೆಟ್ ಯಾರ್ಡ್ ಮುಟ್ಟುವ ಮೊದಲೇ ಕೆಮ್ಮು ಹತ್ತಿತು. ಕೆಂಪು ರಾಶಿಗಳ ನಡುವೆ ಮೂಗಿಗೆ ಟವೆಲ್ ಕಟ್ಟಿಕೊಂಡ ಹಮಾಲರು ಚೀಲ ಹೊರುತ್ತಿದ್ದರು. ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದಂತೆ ಖಾದರಸಾಬ ಅವರಲ್ಲೊಬ್ಬ. ಗಡ್ಡ ಬೆಳ್ಳಗಾಗಿತ್ತು, ನಡಿಗೆಯಲ್ಲಿ ಮಾತ್ರ ಆ ಹಳೆಯ ಚುರುಕು ಹಾಗೇ ಇತ್ತು.

ಅವನು ನನ್ನನ್ನು ತಕ್ಷಣ ಗುರುತಿಸಿದ. "ಬರ್ರಿ ಸರ, ಕುಂದ್ರಿ," ಎಂದು ಚೀಲವೊಂದನ್ನು ತೋರಿಸಿದ. ನಾನು ನಿಂತೇ ಹೇಳಿದೆ.

"ಖಾದರಸಾಬ್ರ, ಅವತ್ತು ನೀವು ಆಫ್‌ಸೈಡ್ ಇರಲಿಲ್ಲ. ಚೆಂಡು ನಿಮ್ಮ ಕಡೆ ಹೊಂಟಾಗ ಗೋಲ್‌ಕೀಪರ್ ಬಿಟ್ಟು ಅವರ ಇನ್ನೊಬ್ಬ ಆಟಗಾರ ನಿಮ್ಮ ಮುಂದ ನಿಂತಿದ್ದಾ. ನಾ ಕಣ್ಣಾರೆ ನೋಡೇನಿ. ನನ್ನ ಬೆನ್ನಿಗೆ ರಾಣೆಬೆನ್ನೂರಿನ ಮಂದಿ ಒತ್ತಿ ನಿಂತು ಒದರಾಕತ್ತಿದ್ರು. ಹೆದರಿ ಬಾವುಟ ಎತ್ತಿದೆ."

ಅವನು ಮೂಗಿನ ಟವೆಲ್ ಬಿಚ್ಚಿದ.

"ನನಗ ಗೊತ್ತಿತ್ರಿ," ಎಂದ. "ಆದ್ರ ಇಲ್ಲಿ ಯಾರೂ ನಂಬಲಿಲ್ಲ. ಖಾದರ್ ಹೆಸರು ಮಾಡಾಕ ಹೋಗಿ ಕಪ್ ಕಳದಾ ಅಂದ್ರು. ಮರುವರ್ಷ ತಂಡಕ್ಕ ಕರೀಲಿಲ್ಲ. ನಿಮ್ಮ ಮಾತು ನನಗ ಬ್ಯಾಡ ಸರ. ಅವರ ಮುಂದ ಹೇಳ್ರಿ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಬ್ಬನ ಕಿವಿಯಲ್ಲಿ ಹೇಳಿ, ಹಗುರಾಗಿ, ಸಂಜೆಯ ಗಾಡಿ ಹತ್ತುವುದೆಂದು ಬಂದವನು ನಾನು. ಅವನು ಆಗಲೇ ಯಾರ್ಡಿನ ಗೇಟಿನ ಚಹಾದಂಗಡಿಯತ್ತ ನಡೆದಿದ್ದ. ಹಳೆಯ ತಂಡದ ಐದಾರು ಜನ ಅಲ್ಲಿದ್ದರು. ಗೋಲ್‌ಕೀಪರ್ ಆಗಿದ್ದ ಬಸಪ್ಪ ಈಗ ಮೆಣಸಿನಕಾಯಿ ವ್ಯಾಪಾರಿ. ಖಾದರಸಾಬ ನನ್ನನ್ನು ಅವರ ನಡುವೆ ನಿಲ್ಲಿಸಿ, "ಇವರು ಅವತ್ತಿನ ಲೈನ್ಸ್‌ಮನ್" ಎಂದಷ್ಟೇ ಹೇಳಿ ಬದಿಗೆ ಸರಿದ. ನಾನು ಒಂದು ಮಾತನ್ನೂ ಬಿಡದೆ ಹೇಳಿದೆ, ಹೆದರಿದ್ದನ್ನೂ ಸೇರಿಸಿ.

ಯಾರೋ ಬೈದರು. ಮಾಸ್ತರಾಗಿ ನಾಚಿಕಿ ಇಲ್ಲೇನು ಎಂದರು. ಬಸಪ್ಪ ಮಾತ್ರ ನನ್ನ ಕಡೆ ನೋಡಲಿಲ್ಲ. ಎದ್ದುಹೋಗಿ ಖಾದರಸಾಬನ ಕೈ ಹಿಡಿದುಕೊಂಡ.

"ನಿನ್ನ ಮಗಳ ಲಗ್ನಕ್ಕೂ ನಾ ಬರಲಿಲ್ಲಲ್ಲೋ ಖಾದರ್..."

ಖಾದರಸಾಬ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಸ್ವಲ್ಪ ಹೊತ್ತಿಗೆ ಎಲ್ಲರೂ ಅವನ ಸುತ್ತ ಸೇರಿದರು. ಚೆಂಡು ಎಲ್ಲಿಂದ ಬಂತು, ಯಾವ ಕಾಲಿನಿಂದ ಹೊಡೆದ ಎಂದು ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಅವನು ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ. ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಚಹಾ ಕೇಳಿದ್ದೆ. ಬರಲಿಲ್ಲ.

ಹೊರಟಾಗ ಖಾದರಸಾಬ ಗೇಟಿನವರೆಗೆ ಬಂದ. ನಮ್ಮ ಕಡೆ ಎಂಥ ಜಗಳವಾಡಿದವರನ್ನೂ "ಹೋಗಿ ಬರ್ರಿ" ಎಂದೇ ಕಳಿಸುತ್ತಾರೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಗಾಡಿ ಹೊತ್ತಾತು. ಹೋಗ್ರಿ," ಎಂದ. ನಾನು ಕೈ ಮುಗಿದೆ.

ಗೇಟು ದಾಟಿ ತಿರುಗಿ ನೋಡಿದಾಗ ಅವನು ಒಳಗೆ ಹೋಗಿಬಿಟ್ಟಿದ್ದ. ಅಂಗಡಿಯಿಂದ ನಗು ಕೇಳಿಸುತ್ತಿತ್ತು.